ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್: ಒಂದು ಜಮಾ-ಖರ್ಚು

ದ್ವಿತೀಯ ಪಿಯುಸಿ ಮುಗಿಯುತ್ತಾ ಬಂದರೆ ಸಾಕು, ಮನೆಮನೆಯಲ್ಲೂ ಲ್ಯಾಪ್‌ಟಾಪ್ ಮಾತು ಶುರುವಾಗುತ್ತದೆ. ಬಿ.ಕಾಂ. ಇರಲಿ, ಬಿ.ಸಿ.ಎ. ಇರಲಿ, ಸಿ.ಎ. ಫೌಂಡೇಶನ್ ಇರಲಿ, ಒಂದು ಬೇಕೇ ಬೇಕು ಎನ್ನುತ್ತಾರೆ. ಕಳೆದ ತಿಂಗಳು ನಮ್ಮ ತರಗತಿಯ ನಾಲ್ವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಅಣ್ಣನ ಹತ್ತಿರ ಇದೆಯಲ್ಲ, ಆ ಥರ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ್ರೆ ಹೇಗೆ?"

ನನ್ನ ಮನೆಯಲ್ಲೂ ಈಗ ಇದೇ ಪ್ರಶ್ನೆ. ಅಮ್ಮಿ ಹಾಕುತ್ತಿರುವ ಚೀಟಿ ಜೂನ್‌ನಲ್ಲಿ ಬರುತ್ತದೆ, 60,000 ರೂಪಾಯಿ. ಅದು ನನ್ನ ಲ್ಯಾಪ್‌ಟಾಪ್‌ಗೆ ಎಂದು ಮಾತಾಗಿದೆ. ಅಬ್ಬು ಒಂದೇ ಷರತ್ತು ಹಾಕಿದ್ದಾರೆ: ಯಾವುದು, ಯಾಕೆ ಎಂದು ಕಾಗದದ ಮೇಲೆ ಬರೆದು ಕೊಡಬೇಕು. ಆ ಕಾಗದವೇ ಬೆಳೆದು ಈ ಲೇಖನವಾಗಿದೆ.

ಮೊದಲು ನಮ್ಮ ಮನೆಯ ಯಂತ್ರದ ಪರಿಚಯ. ಭಾಯಿಜಾನ್ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾರೆ. 2022ರಲ್ಲಿ ಅವರು 17.3 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಒಂದನ್ನು 1,12,000 ರೂಪಾಯಿಗೆ ಕೊಂಡರು. ಎನ್ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್, 6 ಜಿಬಿ ಗ್ರಾಫಿಕ್ಸ್ ಮೆಮೊರಿ, 90 ವ್ಯಾಟ್-ಅವರ್ ಬ್ಯಾಟರಿ. ನಮ್ಮ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ: ಲ್ಯಾಪ್‌ಟಾಪ್ 2 ಕೆ.ಜಿ. 800 ಗ್ರಾಂ, ಅದರ ಅಡಾಪ್ಟರ್ 850 ಗ್ರಾಂ. ಹೌದು, ಅಡಾಪ್ಟರ್ ಒಂದೇ ಮುಕ್ಕಾಲು ಕಿಲೋಗಿಂತ ಹೆಚ್ಚು, ನೋಡುವುದಕ್ಕೆ ಇಟ್ಟಿಗೆ. ಅಂಗಡಿಯವರು "ಬೇಳೆ ಬೇಡ್ವಾ ಬೇಟಿ?" ಎಂದು ನಕ್ಕರು.

ಇಷ್ಟು ದಪ್ಪ ಯಾಕೆ? ಇದು ನನಗೂ ಮೊದಲು ಗೊತ್ತಿರಲಿಲ್ಲ. ಹೆಚ್ಚು ತೂಕ ಅಂದರೆ ಹಳೆಯ ಕಾಲದ ಯಂತ್ರ ಎಂದುಕೊಂಡಿದ್ದೆ. ವಿಷಯ ಬೇರೆಯೇ ಇದೆ. ಲ್ಯಾಪ್‌ಟಾಪ್‌ನ ಒಳಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ವಿದ್ಯುತ್ ತಿನ್ನುತ್ತವೆ. ತಿಂದದ್ದೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ತಾಮ್ರದ ಕೊಳವೆಗಳು ಅಂಚಿಗೆ ಒಯ್ಯುತ್ತವೆ, ಫ್ಯಾನ್‌ಗಳು ಹೊರಗೆ ತಳ್ಳುತ್ತವೆ. ಡಬ್ಬಿ ದೊಡ್ಡದಿದ್ದಷ್ಟೂ ಕೊಳವೆ ಮತ್ತು ಫ್ಯಾನ್‌ಗೆ ಜಾಗ ಹೆಚ್ಚು. ಅಂದರೆ ನಾವು ದೊಡ್ಡ ಲ್ಯಾಪ್‌ಟಾಪ್‌ಗೆ ಕೊಡುವ ಹಣದಲ್ಲಿ ಒಂದು ಭಾಗ ಗಾಳಿ ಓಡಾಡುವ ಜಾಗಕ್ಕೆ ಹೋಗುತ್ತದೆ.

ಇದರಿಂದ ಕೊಳ್ಳುವವರು ತಿಳಿಯಲೇಬೇಕಾದ ಒಂದು ಸಂಗತಿ ಹೊರಡುತ್ತದೆ. ಅಂಗಡಿಯಲ್ಲಿ ಸ್ಟಿಕರ್ ಮೇಲೆ "ಆರ್‌ಟಿಎಕ್ಸ್ 4060" ಎಂದು ಬರೆದಿರುತ್ತಾರೆ. ಎರಡು ಲ್ಯಾಪ್‌ಟಾಪ್‌ಗಳಲ್ಲಿ ಅದೇ ಹೆಸರಿದ್ದರೂ ಎರಡೂ ಒಂದೇ ಅಲ್ಲ. ಲ್ಯಾಪ್‌ಟಾಪ್‌ನ 4060ಕ್ಕೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ನಿಗದಿ ಮಾಡಲು ತಯಾರಕರಿಗೆ ಅವಕಾಶವಿದೆ. ತೆಳ್ಳಗಿನ ಯಂತ್ರದಲ್ಲಿ ಅದಕ್ಕೆ ಕಡಿಮೆ ವ್ಯಾಟ್ ಸಿಗುತ್ತದೆ, ದಪ್ಪನೆಯದರಲ್ಲಿ ಪೂರ್ತಿ ಸಿಗುತ್ತದೆ. ಮೇಲಿನ ದರ್ಜೆಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 4090ರಲ್ಲಿ 24 ಜಿಬಿ ಗ್ರಾಫಿಕ್ಸ್ ಮೆಮೊರಿ ಇದೆ, ಅದು 450 ವ್ಯಾಟ್‌ನದು. ಲ್ಯಾಪ್‌ಟಾಪ್‌ನ 4090ರಲ್ಲಿ ಇರುವುದು 16 ಜಿಬಿ, ಒಳಗಿನ ಚಿಪ್ಪೇ ಬೇರೆ. ಹೆಸರು ಮಾತ್ರ ಒಂದು. ವ್ಯಾಪಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆ ಅಧ್ಯಾಯದಲ್ಲಿ ಮಾಹಿತಿ ಪಡೆಯುವ ಹಕ್ಕು ಎಂದು ಓದುತ್ತೇವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಂಗಡಿಯವರನ್ನು "ಗ್ರಾಫಿಕ್ಸ್ ಎಷ್ಟು ವ್ಯಾಟ್?" ಎಂದು ಕೇಳಿ. ಗೊತ್ತಿಲ್ಲ ಎಂದರೆ ಕಂಪನಿಯ ವಿವರಪಟ್ಟಿಯಲ್ಲಿ ನೋಡಿ.

ಈಗ ಜಮಾ ಕಡೆಗೆ ಬರೋಣ. ಭಾಯಿಜಾನ್ ಕೆಲಸಕ್ಕೆ ಈ ಯಂತ್ರ ಒದಗಿದೆ, ಇದರಲ್ಲಿ ಎರಡು ಮಾತಿಲ್ಲ. ನಿಕಾಹ್ ದಿನ ತೆಗೆದದ್ದನ್ನು ರಾತ್ರಿಯೇ ಎಡಿಟ್ ಮಾಡಿ ಮರುದಿನ ವಲೀಮಾದಲ್ಲಿ ದೊಡ್ಡ ಪರದೆ ಮೇಲೆ ತೋರಿಸಿ ಎಂದು ಈಗ ಎಲ್ಲರೂ ಕೇಳುತ್ತಾರೆ. ಅದಕ್ಕೆ ಯಂತ್ರ ಶಾದಿ ಮಹಲ್‌ಗೇ ಹೋಗಬೇಕು. ಡೆಸ್ಕ್‌ಟಾಪ್ ಹೊತ್ತುಕೊಂಡು ಹೋಗುವುದಕ್ಕೆ ಆಗುತ್ತದೆಯೇ? ಮನೆಯಲ್ಲಿ ಕೆಲಸ ಮಾಡುವಾಗ ಕರೆಂಟ್ ಹೋದರೂ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ. ಡೆಸ್ಕ್‌ಟಾಪ್ ಆಗಿದ್ದರೆ ಯುಪಿಎಸ್ ಬೇರೆ ಬೇಕಿತ್ತು. ನಮ್ಮ ಮನೆಯಲ್ಲಿ ಇರುವುದು ಎರಡು ಕೋಣೆ. ಟೇಬಲ್, ಮಾನಿಟರ್, ಸಿಪಿಯು ಡಬ್ಬಿ ಇಡಲು ಖಾಯಂ ಜಾಗವೇ ಇಲ್ಲ. ಕೆಲಸ ಮುಗಿದ ಮೇಲೆ ಮುಚ್ಚಿ ಅಲಮಾರಿಯ ಮೇಲಿಡುವುದು ದೊಡ್ಡ ಅನುಕೂಲ.

ದೊಡ್ಡ ಯಂತ್ರಗಳನ್ನು ಬಿಚ್ಚಿ ಬೆಳೆಸುವುದೂ ಸುಲಭ. ಇದರಲ್ಲಿ ಮೆಮೊರಿಗೆ ಎರಡು ಸ್ಲಾಟ್, ಎಸ್‌ಎಸ್‌ಡಿಗೆ ಎರಡು ಸ್ಲಾಟ್ ಇವೆ. ಕೊಂಡಾಗ 16 ಜಿಬಿ ಇತ್ತು. ಮರುವರ್ಷ ಖಾಲಿ ಸ್ಲಾಟ್‌ಗೆ ಇನ್ನೊಂದು 16 ಜಿಬಿ ಹಾಕಿದರು. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ನಮ್ಮ ವಿಭಾಗದವರಿಗೆ ಒಂದು ಸಣ್ಣ ಖುಷಿ: ಕೀಬೋರ್ಡ್‌ನ ಬಲಗಡೆ ಅಂಕಿಗಳ ಪ್ರತ್ಯೇಕ ಪ್ಯಾಡ್ ಇದೆ. ಟ್ಯಾಲಿಯಲ್ಲಿ ವೋಚರ್ ಹಾಕುವಾಗ ಅದರ ಬೆಲೆ ತಿಳಿಯುತ್ತದೆ. ಆದರೆ ಅದಕ್ಕಾಗಿ ಲಕ್ಷ ರೂಪಾಯಿ ಕೊಡಬೇಕಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಅಂಕಿ ಪ್ಯಾಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಟ್ಯಾಲಿಗೂ ಎಕ್ಸೆಲ್‌ಗೂ ಗ್ರಾಫಿಕ್ಸ್ ಕಾರ್ಡೇ ಬೇಡ.

ಪರದೆ ದೊಡ್ಡದು, ಆದ್ದರಿಂದ ಹೆಚ್ಚು ಕಾಣುತ್ತದೆ ಎಂದು ನಾನು ನಂಬಿದ್ದೆ. ಲೆಕ್ಕ ಹಾಕಿದಾಗ ನಂಬಿಕೆ ಬಿದ್ದುಹೋಯಿತು. ಈ 17.3 ಇಂಚಿನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ನಮ್ಮ ಲ್ಯಾಬಿನ 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲೂ ಅಷ್ಟೇ. ಒಂದೇ ಅಳತೆಗೆ ಇಟ್ಟರೆ ಎಕ್ಸೆಲ್‌ನಲ್ಲಿ ಎರಡರಲ್ಲೂ ಕಾಣುವ ಕಾಲಂಗಳು ಸಮ. ಇಲ್ಲಿ ಅಕ್ಷರ ಸ್ವಲ್ಪ ದಪ್ಪ, ಅಷ್ಟೇ. ಅಬ್ಬುಗೆ ಕನ್ನಡಕ ಹಾಕದೆ ಓದುವುದಕ್ಕೆ ಆಗುತ್ತದೆ ಎನ್ನುವುದು ಬೇರೆ ಮಾತು. ಈಚಿನ 18 ಇಂಚಿನ ಯಂತ್ರಗಳಲ್ಲಿ 2560 ಮತ್ತು 1600 ಚುಕ್ಕೆಗಳ ಪರದೆ ಬರುತ್ತಿದೆ. ಅವುಗಳಲ್ಲಿ ನಿಜಕ್ಕೂ ಹೆಚ್ಚು ಹಿಡಿಸುತ್ತದೆ. ಆದರೆ ಅವುಗಳ ಬೆಲೆಗೂ ನಮ್ಮ ಚೀಟಿಗೂ ಸಂಬಂಧವಿಲ್ಲ.

ಪರದೆಯ ಇನ್ನೊಂದು ಮೋಸ ಬಣ್ಣದ್ದು. ಡಬ್ಬಿಯ ಮೇಲೆ "144 ಹರ್ಟ್ಸ್" ಎಂದು ದೊಡ್ಡದಾಗಿ ಬರೆದಿತ್ತು, ಅಂದರೆ ಸೆಕೆಂಡಿಗೆ 144 ಬಾರಿ ಚಿತ್ರ ಬದಲಾಗುತ್ತದೆ. ಆಟಕ್ಕೆ ಒಳ್ಳೆಯದು. ಬಣ್ಣ ಎಷ್ಟು ತೋರಿಸುತ್ತದೆ ಎನ್ನುವುದು ಸಣ್ಣ ಅಕ್ಷರದಲ್ಲಿತ್ತು: "45 ಶೇಕಡಾ ಎನ್‌ಟಿಎಸ್‌ಸಿ". ಸಾಮಾನ್ಯ ಕಂಪ್ಯೂಟರ್ ಬಣ್ಣಗಳ ಮಾನದಂಡವಾದ ಎಸ್‌ಆರ್‌ಜಿಬಿಯಲ್ಲಿ ಅದು ಸುಮಾರು ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಭಾಯಿಜಾನ್‌ಗೆ ಇದು ತಿಳಿದದ್ದು ಕೆಲಸ ಕೆಟ್ಟ ಮೇಲೆ. ಒಂದು ಮದುವೆಯಲ್ಲಿ ದುಲ್ಹನ್‌ಳ ಕೆಂಪು ಜೋಡು ಪರದೆಯಲ್ಲಿ ಮಂಕಾಗಿ ಕಂಡಿತೆಂದು ಕೆಂಪು ಹೆಚ್ಚಿಸಿದರು. ಅವರ ಮನೆಯ ಟಿವಿಯಲ್ಲಿ ಹಾಕಿದಾಗ ಜೋಡು ಬೆಂಕಿ ಹತ್ತಿದ ಹಾಗೆ, ಮುಖ ಟೊಮೆಟೊ ಹಾಗೆ! ಮತ್ತೆ ಪೂರ್ತಿ ಮಾಡಿ ಕೊಡಬೇಕಾಯಿತು. ಆಮೇಲೆ 11,000 ರೂಪಾಯಿಗೆ ಬೇರೆ ಮಾನಿಟರ್ ತಂದರು. ಬಣ್ಣದ ಕೆಲಸ ಮಾಡುವವರು "ಶೇ. 100 ಎಸ್‌ಆರ್‌ಜಿಬಿ" ಎಂದು ಬರೆದಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಬ್ಯಾಟರಿಯ ವಿಷಯ ಶುದ್ಧ ಭಾಗಾಕಾರ. 90 ವ್ಯಾಟ್-ಅವರ್ ಇದೆ; ಟೈಪ್ ಮಾಡುವಾಗ ಯಂತ್ರ 18 ವ್ಯಾಟ್ ತಿಂದರೆ 5 ಗಂಟೆ. ಆಟದಲ್ಲಿ 180 ವ್ಯಾಟ್ ತಿಂದರೆ ಅರ್ಧ ಗಂಟೆ. ಅದಕ್ಕೇ ಚಾರ್ಜರ್ ತೆಗೆದ ಕೂಡಲೇ ಯಂತ್ರ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಲಕ್ಷದ ಶಕ್ತಿ ಸಿಗುವುದು ಗೋಡೆಯ ಪಿನ್ನಿಗೆ ಸಿಕ್ಕಿಸಿದಾಗ ಮಾತ್ರ. ಇನ್ನೂ ದೊಡ್ಡ ಬ್ಯಾಟರಿ ಯಾಕೆ ಹಾಕುವುದಿಲ್ಲ ಎಂದರೆ, 100 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಯ ಅನುಮತಿ ಬೇಕು. ಹಾಗಾಗಿ ಎಷ್ಟೇ ದೈತ್ಯ ಲ್ಯಾಪ್‌ಟಾಪ್ ಆದರೂ 99.9ಕ್ಕೆ ನಿಲ್ಲಿಸುತ್ತಾರೆ. ಮೇಲಾಗಿ ಬ್ಯಾಟರಿ ಸವೆಯುತ್ತದೆ. ಮೊನ್ನೆ ವಿಂಡೋಸ್‌ನ ಬ್ಯಾಟರಿ ವರದಿ ತೆಗೆದು ನೋಡಿದರೆ ನಮ್ಮದು ಪೂರ್ತಿ ತುಂಬಿದರೂ 62 ವ್ಯಾಟ್-ಅವರ್ ಮಾತ್ರ. ಅಂದರೆ ಟೈಪಿಂಗ್‌ಗೂ ಮೂರೂವರೆ ಗಂಟೆ ಬರುವುದಿಲ್ಲ. ನಮ್ಮ ಕಾಲೇಜಿನ ತರಗತಿಗಳಲ್ಲಿ ಪ್ಲಗ್ ಇರುವುದು ಫ್ಯಾನ್ ಸ್ವಿಚ್ ಪಕ್ಕ ಒಂದೇ ಒಂದು.

ಇನ್ನು ಶಾಖ ಮತ್ತು ಸದ್ದು. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಜನವರಿಯಲ್ಲಿ 18 ನಿಮಿಷಕ್ಕೆ ಮುಗಿದ ಒಂದು ವಿಡಿಯೋ ಫೈಲ್ ಏಪ್ರಿಲ್ ಮಧ್ಯಾಹ್ನ 25 ನಿಮಿಷ ತೆಗೆದುಕೊಂಡಿತು, ಏಕೆಂದರೆ ಬಿಸಿ ಮಿತಿ ಮುಟ್ಟಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ. ಹಿಂಭಾಗದ ಕೆಳಗೆ ನೀರಿನ ಬಾಟಲಿಯ ಎರಡು ಮುಚ್ಚಳ ಇಟ್ಟು ಗಾಳಿಗೆ ದಾರಿ ಮಾಡಿದಾಗ 21 ನಿಮಿಷಕ್ಕೆ ಬಂತು. ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ನನಗೆ ಗೊತ್ತಿಲ್ಲ. ಹಾಸಿಗೆಯ ಮೇಲೆ, ತೊಡೆಯ ಮೇಲೆ ಇಡಲೇಬಾರದು. ಗಾಳಿ ಎಳೆಯುವ ಕಿಂಡಿಗಳು ತಳದಲ್ಲೇ ಇರುತ್ತವೆ. ಸದ್ದಿನ ಬಗ್ಗೆ ದಾದಿಯ ಮಾತು ಸಾಕು: "ರಾತ್ರಿ ಹನ್ನೊಂದಕ್ಕೆ ಯಾರು ಮಿಕ್ಸಿ ಹಾಕ್ತಿದ್ದಾರೆ?"

ಖರ್ಚಿನ ಕಡೆಯ ದೊಡ್ಡ ಬಾಬತ್ತು ರಿಪೇರಿ. ವಾರಂಟಿ ಮುಗಿದ ಮೇಲೆ ಎರಡು ಫ್ಯಾನ್‌ಗಳಲ್ಲಿ ಒಂದು ನಿಂತಿತು. ಡೆಸ್ಕ್‌ಟಾಪ್ ಆಗಿದ್ದರೆ ಯಾವುದೇ ಅಂಗಡಿಯ ಫ್ಯಾನ್ ತಂದು ಸ್ಕ್ರೂ ತಿರುಗಿಸಿದರೆ ಆಯಿತು. ಇದರ ಫ್ಯಾನ್ ಆ ಮಾದರಿಗೆ ಮಾತ್ರ ಹೊಂದುತ್ತದೆ. ಇಲ್ಲಿ ಸಿಗಲಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೂ ಸಿಗಲಿಲ್ಲ, ಕೊನೆಗೆ ಸರ್ವಿಸ್ ಕೇಂದ್ರಕ್ಕೇ ಕಳಿಸಬೇಕಾಯಿತು. 4,800 ರೂಪಾಯಿ, 11 ದಿನ. ಆಗ ಮದುವೆ ಸೀಸನ್. ಎರಡು ಮನೆಗಳ ಕೆಲಸ ತಡವಾಯಿತು, ಒಬ್ಬರು ಅಡ್ವಾನ್ಸ್ ವಾಪಸ್ ಕೇಳಿದರು. ಭಾಯಿಜಾನ್ ಆ ಹನ್ನೊಂದು ದಿನ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತನಾಡಲಿಲ್ಲ.

ಈಗ ಸವಕಳಿ. ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರ್‌ಗೆ ಇಳಿಕೆ ಮೌಲ್ಯದ ಪದ್ಧತಿಯಲ್ಲಿ ಶೇ. 40. ಅದರಂತೆ 1,12,000 ರೂಪಾಯಿಯ ಯಂತ್ರ ಒಂದು ವರ್ಷಕ್ಕೆ 67,200, ಎರಡಕ್ಕೆ 40,320, ಮೂರಕ್ಕೆ 24,192. ಮೂರು ವರ್ಷದ ಬಳಿಕ ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ಒಬ್ಬರು ಇದಕ್ಕೆ 35,000 ಹೇಳಿದರು, ಅಂದರೆ ಪುಸ್ತಕದ ಬೆಲೆಗಿಂತ ಮೇಲು. ಆದರೂ 77,000 ಕರಗಿದೆ, ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು. ಭಾಯಿಜಾನ್‌ಗೆ ಈ ಯಂತ್ರ ಅಷ್ಟನ್ನು ಒಂದು ಮದುವೆಯಲ್ಲೇ ದುಡಿದು ಕೊಟ್ಟಿದೆ. ನನಗೆ? ನಾನು ಅದರಲ್ಲಿ ವ್ಯಾಲೊರಂಟ್ ಆಡಿದ್ದೇನೆ, ಮುಚ್ಚಿಡುವುದಿಲ್ಲ, ಚೆನ್ನಾಗಿಯೇ ಆಡುತ್ತೇನೆ. ಅದರಿಂದ ರೂಪಾಯಿ ಬಂದಿಲ್ಲ.

"ಕಡಿಮೆ ಬಿದ್ದರೆ ನೋ ಕಾಸ್ಟ್ ಇಎಂಐ ಇದೆಯಲ್ಲ, ಬಡ್ಡಿ ಇಲ್ಲ" ಎಂದು ಗೆಳತಿಯೊಬ್ಬಳು ಹೇಳಿದಳು. ಬಡ್ಡಿ ಬೇಡವೆನ್ನುವ ನಮ್ಮಂಥ ಮನೆಗಳಲ್ಲಿ ಇದನ್ನು ಗಮನಿಸಿ ಓದಬೇಕು. ಕ್ರೆಡಿಟ್ ಕಾರ್ಡ್‌ನ ಇಂಥ ಕಂತಿನಲ್ಲಿ ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ; ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಮೊದಲೇ ರಿಯಾಯಿತಿಯಾಗಿ ಇಳಿಸಿರುತ್ತಾರೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಮಾತ್ರ ನಮ್ಮ ಜೇಬಿನಿಂದ. ಬಡ್ಡಿ 6,000 ಆದರೆ ತೆರಿಗೆ 1,080. ಬಿಲ್ಲಿನಲ್ಲಿ ಬಡ್ಡಿ ಎಂಬ ಸಾಲು ಕಾಣುತ್ತದೆ.

ಅಬ್ಬುಗೆ ಕೊಟ್ಟ ಕಾಗದದಲ್ಲಿ ನಾನು ಬರೆದದ್ದು ಇಷ್ಟು. 14 ಇಂಚು, ಒಂದೂವರೆ ಕಿಲೋ ಒಳಗೆ, 16 ಜಿಬಿ ಮೆಮೊರಿ, ಒಳ್ಳೆಯ ಬಣ್ಣದ ಪರದೆ, ಗ್ರಾಫಿಕ್ಸ್ ಕಾರ್ಡ್ ಬೇಡ. ಬರೆಯುವಾಗ ಸ್ವಲ್ಪ ಬೇಜಾರಾಯಿತು, ಯಾಕೆಂದರೆ ಎರಡು ವರ್ಷದಿಂದ ನನ್ನ ಮನಸ್ಸಿನಲ್ಲಿದ್ದದ್ದು ಕೆಂಪು ದೀಪದ ಕೀಬೋರ್ಡ್‌ನ ಆ ದೊಡ್ಡದೇ. ಬೆಳಿಗ್ಗೆ ಸಿಟಿ ಬಸ್‌ನಲ್ಲಿ ನಿಂತು ಬರುವವಳು ನಾನು, ಶಾದಿ ಮಹಲ್‌ಗೆ ಕಾರಿನಲ್ಲಿ ಹೋಗುವವರು ಭಾಯಿಜಾನ್. ಅಬ್ಬು ಓದಿ, ಮಡಚಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. "ಆಟ ಎಲ್ಲಿ ಆಡ್ತೀಯ?" ಎಂದು ಕೇಳಿದರು. ಭಾಯಿಜಾನ್ ಇಲ್ಲದಾಗ ಎಂದೆ.

ವಿಡಿಯೋ, ಅನಿಮೇಶನ್, ಆರ್ಕಿಟೆಕ್ಚರ್ ಕಡೆ ಹೋಗುವವರ ಲೆಕ್ಕ ನನ್ನದಕ್ಕಿಂತ ಬೇರೆ ಬರುತ್ತದೆ, ವಿಜ್ಞಾನ ವಿಭಾಗದವರು ಸಿಟ್ಟಾಗಬೇಡಿ. ಅಂಗಡಿಯಲ್ಲಿ ಯಾವುದಾದರೂ ಇಷ್ಟವಾದರೆ ಅದರ ಪೂರ್ತಿ ಮಾದರಿ ಸಂಖ್ಯೆ ಬರೆದುಕೊಂಡು ಬನ್ನಿ. ಗುರುವಾರ ಊಟದ ವಿರಾಮದಲ್ಲಿ ನಾನು ಗ್ರಂಥಾಲಯದಲ್ಲಿ ಇರುತ್ತೇನೆ. ವ್ಯಾಟ್, ಬಣ್ಣ, ತೂಕ ಮೂರನ್ನೂ ಒಟ್ಟಿಗೆ ಕೂತು ಹುಡುಕೋಣ. ಅಡಾಪ್ಟರ್ ತೂಕ ಕೇಳುವುದನ್ನು ಮರೆಯಬೇಡಿ. ಅದನ್ನು ಹೆಚ್ಚಿನವರು ವಿವರಪಟ್ಟಿಯಲ್ಲಿ ಬರೆದಿರುವುದಿಲ್ಲ.