ನಾಯಿಮರಿಯ ವಿದ್ಯಾಭ್ಯಾಸ

ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೂ ಅದು ನೆಟ್ಟಗಾಗುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ತಿದ್ದಲಾಗದ ಸ್ವಭಾವಕ್ಕೆ ಉಪಮಾನ ಬೇಕಾದಾಗಲೆಲ್ಲ ನಮಗೆ ಸಿಕ್ಕುವುದು ಈ ಬಡಪ್ರಾಣಿಯ ಬಾಲವೇ. ಬಾಲದ ಮಟ್ಟಿಗೆ ಗಾದೆ ಸುಳ್ಳಲ್ಲ. ನಮ್ಮ ಕರಿಯನ ಬಾಲ ಇಂದಿಗೂ ಕುಡುಗೋಲಿನ ಹಾಗೆ ಬಾಗಿಯೇ ಇದೆ. ಆದರೆ ಬಾಲವನ್ನು ಬಿಟ್ಟು ಉಳಿದ ನಾಯಿಯ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲವೆಂಬುದನ್ನು ಕಳೆದ ಒಂದು ವರ್ಷದಲ್ಲಿ ಕಂಡುಕೊಂಡಿದ್ದೇನೆ. ನಾಯಿಮರಿ ಎಚ್ಚರವಾಗಿರುವಷ್ಟು ಹೊತ್ತೂ ಕಲಿಯುತ್ತಲೇ ಇರುತ್ತದೆ. ನಾವು ಕಲಿಸಬೇಕೆಂದುಕೊಂಡದ್ದರ ಜೊತೆಗೆ, ನಮಗೇ ಅರಿಯದಂತೆ ಕಲಿಸಿದ್ದನ್ನೂ ಅದು ಕಲಿತುಬಿಡುತ್ತದೆ. ತೊಂದರೆಯೆಲ್ಲ ಹುಟ್ಟುವುದು ಅಲ್ಲಿಂದಲೇ.

ಕರಿಯ ನಮ್ಮ ಮನೆಗೆ ಬಂದದ್ದು ಕಳೆದ ಕಾರ್ತಿಕದ ಕೊನೆಯಲ್ಲಿ. ಮಳೆಗಾಲ ಮುಗಿದು ಚಳಿ ಇಳಿಯುವ ಈ ಕಾಲದಲ್ಲಿಯೇ ನಮ್ಮ ಬೀದಿನಾಯಿಗಳು ಹೆಚ್ಚಾಗಿ ಮರಿ ಹಾಕುವುದು. ಹಿಟ್ಟಿನ ಗಿರಣಿಯ ಹಿಂದೆ ನಾಲ್ಕು ಮರಿ ಹಾಕಿದ್ದ ನಾಯಿಯೊಂದು ಲಾರಿಗೆ ಸಿಕ್ಕಿ ಸತ್ತಿತು. ಮೂರು ಮರಿಗಳನ್ನು ಯಾರುಯಾರೋ ಒಯ್ದರು. ಉಳಿದ ಒಂದನ್ನು ನನ್ನ ತಮ್ಮ ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ. ಅಜ್ಜಿ ನೋಡಿದವಳೇ, "ಈ ಶನೀನ ಯಾಕೋ ತಂದೆ? ಅಡಿಗೆಮನೆ ಹೊಸಿಲು ದಾಟಿದರೆ ನಾನು ಮಗಳ ಮನೆಗೆ ಹೊರಟುಹೋಗ್ತೀನಿ" ಎಂದಳು. ಅಪ್ಪ, "ಒಂದು ವಾರ ಇರಲಿ, ಆಮೇಲೆ ನೋಡೋಣ" ಎಂದರು. ಆ ಒಂದು ವಾರಕ್ಕಾಗಿ ಜಗಲಿಯ ಮೂಲೆಯಲ್ಲಿ ಗೋಣಿಚೀಲವೊಂದನ್ನು ಹಾಸಿದೆವು.

ದನದ ಆಸ್ಪತ್ರೆಯ ವೈದ್ಯರು ಹಲ್ಲು ನೋಡಿ, ಮರಿಗೆ ಆರು ವಾರವೆಂದು ಹೇಳಿದರು. ಮರಿಯನ್ನು ಎಂಟು ವಾರ ತುಂಬುವವರೆಗೆ ತಾಯಿಯಿಂದ ಅಗಲಿಸಬಾರದು. ಒಡಹುಟ್ಟಿದವರೊಡನೆ ಕಚ್ಚಾಡುವಾಗ ಬಲವಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸಿಬಿಡುತ್ತದೆ. ಎಷ್ಟು ಕಚ್ಚಬಹುದು, ಎಷ್ಟು ಕಚ್ಚಬಾರದು ಎಂಬ ಮೊದಲ ಪಾಠ ಅದು. ಆ ಪಾಠ ಕರಿಯನಿಗೆ ಅರ್ಧಕ್ಕೇ ನಿಂತಿತ್ತು. ಅದರ ಬೆಲೆಯನ್ನು ನಾವು ಮುಂದೆ ತೆರಬೇಕಾಯಿತು.

ನಮ್ಮ ಮೊದಲ ತಪ್ಪು ಹಾಲಿನದು. ತಾಯಿಯಿಲ್ಲದ ಮರಿಯೆಂಬ ಕನಿಕರದಿಂದ ತಟ್ಟೆಯ ತುಂಬ ಹಸುವಿನ ಹಾಲು ಹೊಯ್ದೆವು. ಮಾರನೆಯ ಬೆಳಿಗ್ಗೆ ಅದರ ಫಲ ಜಗಲಿಯ ಉದ್ದಕ್ಕೂ ಕಾಣಿಸಿತು. ಹಸುವಿನ ಹಾಲಿನಲ್ಲಿ ನಾಯಿಯ ಹಾಲಿಗಿಂತ ಸಕ್ಕರೆಯ ಅಂಶ ಹೆಚ್ಚು. ಕೊಬ್ಬು, ಸಸಾರಜನಕಗಳು ಕಡಮೆ. ಅದು ಅನೇಕ ಮರಿಗಳಿಗೆ ಅರಗದೆ ಭೇದಿಯಾಗುತ್ತದೆ. ಮೆತ್ತಗೆ ಬೇಯಿಸಿದ ಅನ್ನ ಅಥವಾ ರಾಗಿಯ ಜೊತೆ ಬೆಂದ ಮೊಟ್ಟೆ ಕಲಸಿ, ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕೆಂದು ವೈದ್ಯರು ತಿಳಿಸಿದರು. ಮೊಟ್ಟೆ ನಮ್ಮ ಅಡಿಗೆಮನೆಗೆ ಬರುವಂತಿರಲಿಲ್ಲವಾದ್ದರಿಂದ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿದೆವು. ನಾಯಿಗೆ ಮುದ್ದೆ ಅರಗೀತೆ ಎಂದು ಕೇಳುವವರಿದ್ದಾರೆ. ಸ್ವೀಡನ್ ದೇಶದ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಅರಗಿಸುವ ರಸವನ್ನು ಉಂಟುಮಾಡುವ ವಂಶವಾಹಿಯ ಪ್ರತಿಗಳು ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಹೆಚ್ಚು. ಮನುಷ್ಯನ ಎಂಜಲು ತಿಂದು ಸಾವಿರಾರು ವರ್ಷ ಬಾಳಿದ ಪ್ರಾಣಿಯ ಹೊಟ್ಟೆಯೂ ಅವನ ಹೊಟ್ಟೆಯಂತಾಗಿದೆ. ಆದರೂ ಬರಿಯ ಅನ್ನ ಮುದ್ದೆಗಳಿಂದ ಮರಿ ಬಲಿಯುವುದಿಲ್ಲ. ಈರುಳ್ಳಿ, ಚಾಕೊಲೇಟು, ಬೇಯಿಸಿದ ಕೋಳಿಯ ಮೂಳೆ, ಹಬ್ಬದ ಪಾಯಸದ ದ್ರಾಕ್ಷಿ ಇವುಗಳನ್ನು ನಾಯಿಗೆ ಕೊಡಲೇಬಾರದು.

ರಾತ್ರಿಯ ಅಳು ಇನ್ನೊಂದು ಕಷ್ಟ. ಹತ್ತು ಗಂಟೆಗೆ ಆರಂಭವಾದರೆ ಬೀದಿಯ ದೀಪ ಆರುವವರೆಗೂ ನಿಲ್ಲುತ್ತಿರಲಿಲ್ಲ. ಒಡಹುಟ್ಟಿದವುಗಳ ಮೈಬಿಸಿಯಲ್ಲಿ ಮಲಗುತ್ತಿದ್ದ ಜೀವಕ್ಕೆ ಒಬ್ಬಂಟಿತನವೇ ದೊಡ್ಡ ಭಯ. ಗದರಿಸಿದರೆ ಭಯ ಎರಡಾಗುತ್ತದೆ. ಮೂರನೆಯ ರಾತ್ರಿ ನಾನು ಚಾಪೆಯನ್ನು ಗೋಣಿಚೀಲದ ಪಕ್ಕಕ್ಕೆ ಎಳೆದುಕೊಂಡು ಮಲಗಿದೆ. ಮರಿ ಎರಡು ಸಲ ಮಾತ್ರ ಎದ್ದಿತು. ಆಮೇಲೆ ದಿನಕ್ಕೆ ಒಂದೊಂದು ಮೊಳ ದೂರ ಸರಿಯುತ್ತ ಬಂದು, ಎರಡು ವಾರದಲ್ಲಿ ಹಜಾರದ ಒಳಕ್ಕೆ ಹಾಸಿಗೆ ಹಾಕಿಕೊಂಡೆ.

ಉಚ್ಚೆಯ ವಿಷಯವನ್ನು ಬರೆಯಲು ಸಂಕೋಚಪಡಬೇಕಾಗಿಲ್ಲ; ಮರಿ ಸಾಕಿದವರೆಲ್ಲರ ಅರ್ಧ ದಿನ ಕಳೆಯುವುದು ಅದರಲ್ಲಿಯೇ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಬರುವಷ್ಟು ಗಂಟೆ ಅದು ತಡೆಯಬಲ್ಲದೆಂಬುದು ಸ್ಥೂಲವಾದ ಲೆಕ್ಕ. ಎರಡು ತಿಂಗಳ ಮರಿಗೆ ಮೂರು ಗಂಟೆಯೇ ಹೆಚ್ಚು. ನಿದ್ದೆಯಿಂದ ಎದ್ದಕೂಡಲೆ, ಉಂಡಕೂಡಲೆ, ಆಟ ಮುಗಿದಕೂಡಲೆ ಹಿತ್ತಿಲಿಗೆ ಒಯ್ದು ಒಂದೇ ಜಾಗದಲ್ಲಿ ಬಿಡಬೇಕು. ಕೆಲಸವಾದೊಡನೆ ಅಲ್ಲೇ ಮೆಚ್ಚಿ ಒಂದು ಚೂರು ತಿಂಡಿ ಕೊಡಬೇಕು. ಜಗಲಿಯಲ್ಲಿ ಮಾಡಿದ್ದರೆ ವಾಸನೆ ಉಳಿಯದಂತೆ ಸೋಪಿನಿಂದ ತೊಳೆಯಬೇಕು. ವಾಸನೆಯೇ ಅದಕ್ಕೆ ಜಾಗದ ಗುರುತು. ಮರಿಯ ಮೂಗನ್ನು ಹಿಡಿದು ಅದರಲ್ಲೇ ಉಜ್ಜುವ ಪದ್ಧತಿ ನಮ್ಮ ಬೀದಿಯಲ್ಲಿ ಉಂಟು. ಇದರಿಂದ ಮರಿ ಕಲಿಯುವುದು ಒಂದೇ: ಮನುಷ್ಯರ ಎದುರಿಗೆ ಉಚ್ಚೆ ಹೊಯ್ಯಬಾರದು, ಮಂಚದ ಕೆಳಗೆ ಹೋಗಿ ಹೊಯ್ಯಬೇಕು. ನಮ್ಮ ಕರಿಯನೂ ಒಂದು ವಾರ ಹಾಗೆಯೇ ಮಾಡಿದ.

ಇಲ್ಲಿ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿತು. ಮನೆಯಲ್ಲಿ ಕರಿಯ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಚೆನ್ನಾಗಿ ಕಲಿತ ಪಾಠವೆಂದರೆ ಅಡಿಗೆಮನೆಯ ಹೊಸಿಲು ದಾಟಬಾರದೆಂಬುದು. ಕಲಿಸಿದವಳು ಅಜ್ಜಿ. ಮರಿಯನ್ನು ಅವಳು ಒಂದು ಸಲವೂ ಮುಟ್ಟಲಿಲ್ಲ, ಹೊಡೆಯಲಿಲ್ಲ. ಅದು ಹೊಸಿಲ ಬಳಿ ಬಂದಾಗಲೆಲ್ಲ ಎದ್ದು ಅಡ್ಡ ನಿಂತು "ಹೂಂ" ಎನ್ನುವಳು; ಅದು ಹಿಂದಕ್ಕೆ ಸರಿದು ಕುಳಿತರೆ ದೋಸೆಯ ಒಂದು ಚೂರನ್ನು ಆಚೆಗೆ ಎಸೆಯುವಳು. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ನಾವೋ! ನಾನು "ಕರಿಯ" ಎನ್ನುತ್ತಿದ್ದೆ, ತಮ್ಮ "ಟೈಗರ್" ಎನ್ನುತ್ತಿದ್ದ, ಅಮ್ಮ "ಮರೀ" ಎನ್ನುತ್ತಿದ್ದರು. ಕರೆಯುವುದಕ್ಕೆ ಒಬ್ಬರದು "ಬಾ", ಇನ್ನೊಬ್ಬರದು "ಕಮ್". ಮೈಮೇಲೆ ಹಾರಿದರೆ ಹಳೆಯ ಬಟ್ಟೆಯಲ್ಲಿದ್ದಾಗ ಮುದ್ದಿಸುವುದು, ಕಾಲೇಜಿಗೆ ಹೊರಟಾಗ ಬಯ್ಯುವುದು. ಪಠ್ಯಪುಸ್ತಕ ದಿನಕ್ಕೊಂದು ಬದಲಾದರೆ ವಿದ್ಯಾರ್ಥಿ ಏನು ಮಾಡಿಯಾನು?

ಕಚ್ಚುವುದರಲ್ಲಿ ನಮ್ಮ ಅವಿವೇಕ ಇನ್ನೂ ಹೆಚ್ಚಿನದು. ಮರಿಗೆ ಕೈಗಳಿಲ್ಲ, ಲೋಕವನ್ನು ಅದು ಬಾಯಿಂದಲೇ ಮುಟ್ಟಿ ನೋಡಬೇಕು. ಅದರ ೨೮ ಹಾಲುಹಲ್ಲುಗಳು ಸೂಜಿಯಂತೆ ಚೂಪು. ನಾಲ್ಕನೆಯ ತಿಂಗಳ ಸುಮಾರಿಗೆ ಅವು ಬೀಳತೊಡಗಿ, ಏಳನೆಯ ತಿಂಗಳ ಹೊತ್ತಿಗೆ ೪೨ ಗಟ್ಟಿಹಲ್ಲುಗಳು ಬರುತ್ತವೆ. ಆಗ ವಸಡಿನ ನವೆಗೆ ಮತ್ತಷ್ಟು ಅಗಿಯುತ್ತದೆ. ಅಪ್ಪನ ಹೊಸ ಚಪ್ಪಲಿಯ ಉಂಗುಷ್ಟ ಹರಿದ ದಿನ ಅವರು ಪೊರಕೆಯಿಂದ ಎರಡು ಬಾರಿಸಿದರು. ಚಪ್ಪಲಿ ಕಡಿದದ್ದು ಮಧ್ಯಾಹ್ನ, ಪೆಟ್ಟು ಬಿದ್ದದ್ದು ಸಂಜೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೋವ್, ಊಟಕ್ಕೆ ಮುಂಚೆ ನಿಯತವಾಗಿ ಒಂದು ಸಪ್ಪಳ ಕೇಳಿಸುತ್ತಿದ್ದರೆ ಕೊನೆಗೆ ಆ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದನು. ಒಂದರ ಬೆನ್ನಿಗೆ ಒಂದು ಬಂದದ್ದನ್ನು ನಾಯಿ ಗಂಟುಹಾಕಿಕೊಳ್ಳುತ್ತದೆ. ಕರಿಯ ಗಂಟುಹಾಕಿಕೊಂಡದ್ದು ಪೆಟ್ಟನ್ನೂ ಅಪ್ಪನನ್ನೂ. ಚಪ್ಪಲಿ ಆ ಗಂಟಿನೊಳಗೆ ಸೇರಲೇ ಇಲ್ಲ. ಅಂದಿನಿಂದ ಅಪ್ಪ ಬಂದರೆ ಮಂಚದಡಿಗೆ ಓಡುತ್ತಿದ್ದ, ಅವರು ಹೋದಮೇಲೆ ಚಪ್ಪಲಿ ಕಡಿಯುತ್ತಿದ್ದ.

ಇತ್ತ ನಾನೂ ತಮ್ಮನೂ ಸಂಜೆ ಸಂಜೆ ಹಳೆಯ ಟವೆಲನ್ನು ಎಳೆದಾಡಿ ಓಡುವುದು, ಮರಿ ಬೆನ್ನಟ್ಟಿ ಕಚ್ಚಿ ಜೋಲಾಡಿದರೆ ನಗುವುದು. ಓಡುವುದನ್ನು ಹಿಡಿ, ಹಿಡಿದದ್ದನ್ನು ಬಿಡಬೇಡ ಎಂಬ ಪಾಠವನ್ನು ಒಂದು ತಿಂಗಳು ಶ್ರದ್ಧೆಯಿಂದ ಹೇಳಿಕೊಟ್ಟೆವು. ಸಂಕ್ರಾಂತಿಗೆ ಹತ್ತು ದಿನ ಮುಂಚೆ, ಪಕ್ಕದ ಮನೆಯ ಆರು ವರ್ಷದ ಹುಡುಗ ಹಳೆಯ ಟೈರು ಉರುಳಿಸಿಕೊಂಡು ನಮ್ಮ ಬಾಗಿಲ ಮುಂದೆ ಓಡಿದ. ಕರಿಯ ಹಿಂದೆ ಹಾರಿ ಅವನ ಚಡ್ಡಿಯ ಅಂಚನ್ನು ಹಿಡಿದ. ಹಲ್ಲು ಮೀನಖಂಡಕ್ಕೂ ನಾಟಿ ನಾಲ್ಕು ಹನಿ ರಕ್ತ ಬಂತು. ಹುಡುಗನ ತಾಯಿ ಅಳುತ್ತ ಬಂದು, "ನಿಮಗೆ ನಾಯಿ ಆಟ ಆಗಿದೆ, ನಮ್ಮ ಮಗೂಗೆ ಏನಾದರೂ ಆದರೆ ಯಾರ್ರೀ ಹೊಣೆ?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರಿಗೆ ಇನ್ನೂ ಮೂರು ತಿಂಗಳು ತುಂಬದಿದ್ದುದರಿಂದ ಹುಚ್ಚುರೋಗದ ಚುಚ್ಚುಮದ್ದು ಆಗಿರಲಿಲ್ಲ.

ನಾಯಿ ಕಚ್ಚಿದರೆ ಮಾಡಬೇಕಾದುದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಗಾಯವನ್ನು ಕೂಡಲೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಮೆತ್ತಬಾರದು. ಮರಿಯೆಂದು ಉದಾಸೀನ ಮಾಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಏಕೆಂದರೆ ಹುಚ್ಚುರೋಗದ ಲಕ್ಷಣ ಕಾಣಿಸಿಕೊಂಡಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು, ಅದಕ್ಕೆ ಮುಂಚೆ ಮದ್ದು ಕೊಟ್ಟರೆ ರೋಗ ಬಾರದಂತೆ ತಡೆಯಬಹುದು. ಲೂಯಿ ಪಾಶ್ಚರನು ೧೮೮೫ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲು ಕೊಟ್ಟ ಆ ಚಿಕಿತ್ಸೆ ಇಂದು ತುಂಬ ಸುಧಾರಿಸಿದೆ. ಹುಡುಗನನ್ನು ಸರ್ಕಾರಿ ಆಸ್ಪತ್ರೆಗೆ ಅಪ್ಪನೇ ಕರೆದುಕೊಂಡು ಹೋದರು. ರಕ್ತ ಬಂದಿದ್ದರಿಂದ ಗಾಯದ ಸುತ್ತ ಒಂದು ಮದ್ದು ಕೊಟ್ಟು, ತೋಳಿಗೆ ಅಂದಿನದಲ್ಲದೆ ೩, ೭ ಮತ್ತು ೨೮ನೆಯ ದಿನಗಳಂದು ಚುಚ್ಚುಮದ್ದು ಹಾಕಬೇಕೆಂದರು. ನಾಯಿಯನ್ನು ಹತ್ತು ದಿನ ಕಟ್ಟಿಟ್ಟು ನೋಡಲು ಹೇಳಿದರು. ಕಚ್ಚಿದಾಗ ನಾಯಿಯ ಜೊಲ್ಲಿನಲ್ಲಿ ರೋಗಾಣುವಿದ್ದರೆ ಅಷ್ಟರೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ.

ಮನೆಗೆ ಬಂದ ಅಪ್ಪ ಹೇಳಿದರು: "ಹತ್ತು ದಿನ ಕಟ್ಟಿಹಾಕಿ. ಹನ್ನೊಂದನೇ ದಿನ ಗೋಣಿಚೀಲಕ್ಕೆ ಹಾಕಿಕೊಂಡು ಹೊಳೆಯಾಚೆ ಬಿಟ್ಟು ಬರೋದು. ಇನ್ನೊಂದು ಮಾತಿಲ್ಲ." ಸಾಕಿದ ಪ್ರಾಣಿಯನ್ನು ಹಾಗೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆ ಮಾತನ್ನು ಆಗ ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ತಪ್ಪು ನಮ್ಮದೆಂಬುದೂ ಗೊತ್ತಿತ್ತು.

ಆ ಹತ್ತು ದಿನ ನಾವು ಅಜ್ಜಿಯ ಶಿಷ್ಯರಾದೆವು. ಹೆಸರು ಒಂದೇ: ಕರಿಯ. ಮಾತು ಮೂರೇ: ಬಾ, ಕೂರು, ಬಿಡು. ತಿಂಡಿಯ ಚೂರನ್ನು ಮೂಗಿನಿಂದ ತಲೆಯ ಮೇಲಕ್ಕೆ ಸರಿಸಿದರೆ ಕತ್ತೆತ್ತಿದ ಮರಿ ತಾನಾಗಿಯೇ ಕೂರುತ್ತದೆ. ಕುಳಿತ ಕ್ಷಣವೇ ಕೊಡಬೇಕು, ತಡವಾದರೆ ಕೊಟ್ಟದ್ದು ಬೇರೆ ಯಾವುದಕ್ಕೋ ಸಲ್ಲುತ್ತದೆ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ ಸಾಕು. ಮರಿ ದಿನದಲ್ಲಿ ಹದಿನೆಂಟು ಗಂಟೆ ನಿದ್ದೆ ಮಾಡುವ ಪ್ರಾಣಿ, ನಿದ್ದೆಗೆಟ್ಟರೆ ಇನ್ನಷ್ಟು ಕಚ್ಚುತ್ತದೆ. ಟವೆಲಿನ ಆಟ ನಿಂತಿತು. ಕೈಗೆ ಹಲ್ಲು ತಗುಲಿದರೆ ಕೈಯನ್ನು ಎಳೆದುಕೊಳ್ಳದೆ, ಬಯ್ಯದೆ, ಎದ್ದು ಬೆನ್ನು ತಿರುಗಿಸಿ ಹೋಗಿಬಿಡುತ್ತಿದ್ದೆವು. ಕಚ್ಚಿದರೆ ಆಟ ಮುಗಿಯಿತು. ಅಗಿಯಲು ನೀರಿನಲ್ಲಿ ನೆನೆಸಿ ಗಂಟುಹಾಕಿದ ಬಟ್ಟೆ, ಒಂದು ಗಜ್ಜರಿ. ಚಪ್ಪಲಿಗಳನ್ನು ಗೂಡಿನ ಮೇಲಿಟ್ಟೆವು. ಇಷ್ಟು ಸುಲಭದ ಉಪಾಯ ಪೊರಕೆ ಎತ್ತುವ ಮೊದಲು ಯಾರಿಗೂ ಹೊಳೆದಿರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಕರಿಯ ಆರೋಗ್ಯವಾಗಿದ್ದ. ಅಪ್ಪ ಚೀಲ ಹುಡುಕಿಕೊಂಡು ಜಗಲಿಗೆ ಬಂದರು. ಮನೆಯಲ್ಲಿದ್ದ ಗೋಣಿಚೀಲ ಅದೊಂದೇ, ಅದರ ಮೇಲೆ ಕರಿಯ ಮಲಗಿದ್ದ. ಅಪ್ಪನನ್ನು ಕಂಡು ಎದ್ದ, ಆದರೆ ಓಡಲಿಲ್ಲ. ಅಪ್ಪ ಸ್ವಲ್ಪ ಹೊತ್ತು ನಿಂತು, ಗಂಟಲು ಸರಿಮಾಡಿಕೊಂಡು, "ಕೂರು" ಎಂದರು. ಕುಳಿತ. ಅಪ್ಪನ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಒಳಗಿನಿಂದ ಅಜ್ಜಿ, "ಕೂತಾಗ ಕೊಡಬೇಕು ಕಣೋ, ಬರಿಗೈಲಿ ನಿಂತರೆ ಹೇಗೆ?" ಎಂದು ದೋಸೆಯ ಚೂರು ಚಾಚಿದಳು. ಅಪ್ಪ ಕೊಟ್ಟರು. ಆಮೇಲೆ ನನ್ನ ಕಡೆಗೆ ತಿರುಗಿ, "ಆ ಚೀಲ ಕೊಳೆಯಾಗಿದೆ, ಒಗೆದು ಬಿಸಿಲಿಗೆ ಹಾಕು" ಎಂದು ಹೇಳಿ ಸ್ನಾನಕ್ಕೆ ಹೋದರು.

ಮೂರು ತಿಂಗಳು ತುಂಬಿದೊಡನೆ ಹುಚ್ಚುರೋಗದ ಚುಚ್ಚುಮದ್ದು ಹಾಕಿಸಿದೆವು. ಡಿಸ್ಟೆಂಪರ್, ಪಾರ್ವೊ ಎಂಬ ಮಾರಕ ರೋಗಗಳ ಮದ್ದನ್ನು ಎಂಟನೆಯ ವಾರದಲ್ಲೇ ಆರಂಭಿಸಿದ್ದರು. ಅದನ್ನು ಹದಿನಾರನೆಯ ವಾರದವರೆಗೆ ಕಂತುಕಂತಾಗಿ ಹಾಕಿಸಬೇಕು. ಮದ್ದು ಮುಗಿಯುವವರೆಗೆ ಮರಿಯನ್ನು ಹೊರಗೆ ತರಲೇಬಾರದೆಂದು ಕೆಲವರು ತಿಳಿಯುತ್ತಾರೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳನ್ನು ಪರೀಕ್ಷಿಸಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಕಂಡ ಜನರನ್ನೂ ವಸ್ತುಗಳನ್ನೂ ಮರಿ ತನ್ನವೆಂದು ಒಪ್ಪಿಕೊಳ್ಳುತ್ತದೆ, ಆಮೇಲೆ ಹೊಸದಕ್ಕೆ ಹೆದರುವುದು ಹೆಚ್ಚುತ್ತದೆ ಎಂದು ತಿಳಿದುಬಂದಿದೆ. ಆದ್ದರಿಂದ ನೆಲಕ್ಕೆ ಬಿಡದೆ ಎತ್ತಿಕೊಂಡಾದರೂ ಬಸ್ಸು, ಮಕ್ಕಳು, ಕೊಡೆ, ದನ ಎಲ್ಲವನ್ನೂ ತೋರಿಸಬೇಕು. ನಾವು ಈ ಕಾಲವನ್ನು ಬಹುಮಟ್ಟಿಗೆ ಕಳೆದುಕೊಂಡೆವು. ಕೊಡೆ ಬಿಚ್ಚಿದವರನ್ನು ಕಂಡರೆ ಕರಿಯ ಇಂದಿಗೂ ಬೊಗಳುತ್ತಾನೆ. ದೀಪಾವಳಿಯ ಮೂರು ದಿನ ಮಂಚದ ಕೆಳಗೇ ಇರುತ್ತಾನೆ. ಪಕ್ಕದ ಮನೆಯ ಹುಡುಗ ನಾಲ್ಕೂ ಚುಚ್ಚುಮದ್ದು ಮುಗಿಸಿ ಒಂದು ತಿಂಗಳು ನಮ್ಮ ಕಡೆಗೆ ತಲೆಹಾಕಲಿಲ್ಲ. ಈಗ ಬರುತ್ತಾನೆ. ನಾಯಿ ಓಡಿಬಂದರೆ ಓಡದೆ, ಕೈ ಬೀಸದೆ ಮರದಂತೆ ನಿಲ್ಲಬೇಕೆಂದು ಅವನಿಗೂ ಕಲಿಸಿದ್ದೇವೆ.

ಓದುಗ ಮಿತ್ರರಲ್ಲಿ ಯಾರಾದರೂ ಮರಿ ತರುವ ಯೋಚನೆಯಲ್ಲಿದ್ದರೆ ನನ್ನ ವಿಜ್ಞಾಪನೆ ಇಷ್ಟೇ. ನಾಯಿ ಹನ್ನೆರಡು ಹದಿನೈದು ವರ್ಷ ಬಾಳುವ ಜೀವ. ತರುವ ಮುಂಚಿನ ರಾತ್ರಿ ಮನೆಯವರೆಲ್ಲ ಕುಳಿತು, ಅದನ್ನು ಏನೆಂದು ಕರೆಯುವುದು, ಯಾವುದಕ್ಕೆ ಬಿಡುವುದು, ಯಾವುದಕ್ಕೆ ಬಿಡದಿರುವುದು ಎಂಬುದನ್ನು ಗೊತ್ತುಮಾಡಿಕೊಳ್ಳಿ. ನಿಮ್ಮ ಮನೆಯಲ್ಲಿ ಅಜ್ಜಿಯಿದ್ದರೆ ಅವಳ ಅಭಿಪ್ರಾಯವನ್ನು ಮೊದಲು ಕೇಳಿ.