ಬಾಟಲಿಯ ಮೇಲಿನ 211

ಮಕ್ಕಳೇ, ಅಂಗಡಿಯಿಂದ ತಂದ ಉಪ್ಪಿನಕಾಯಿ, ಟೊಮೆಟೊ ಸಾಸ್ ಅಥವಾ ಹಣ್ಣಿನ ಶರಬತ್ತಿನ ಬಾಟಲಿಯ ಲೇಬಲ್ಲನ್ನು ಎಂದಾದರೂ ಗಮನಿಸಿದ್ದೀರಾ? ಕೆಲವುಗಳ ಮೇಲೆ ಸಣ್ಣ ಅಕ್ಷರಗಳಲ್ಲಿ 211 ಎಂದು ಬರೆದಿರುತ್ತದೆ. ಅದು ಬೆಲೆಯಲ್ಲ, ತೂಕವೂ ಅಲ್ಲ. ಸೋಡಿಯಂ ಬೆಂಜೋಯೇಟ್ ಎಂಬ ಬಿಳಿ ಪುಡಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ. ಆಹಾರ ಕೆಡದಂತೆ ಕಾಪಾಡುವ ಇಂಥ ವಸ್ತುವನ್ನು ಸಂರಕ್ಷಕ ಎನ್ನುತ್ತಾರೆ.

ಏಕೆ ಬೇಕು?

ಗಾಳಿ, ನೀರು, ನಮ್ಮ ಕೈ – ಎಲ್ಲೆಲ್ಲೂ ಸೂಕ್ಷ್ಮಜೀವಿಗಳಿವೆ. ಅವು ಆಹಾರದಲ್ಲಿ ಬೆಳೆದರೆ ಬೂಷ್ಟು ಹಿಡಿಯುತ್ತದೆ, ಹುಳಿತ ವಾಸನೆ ಬರುತ್ತದೆ. ಮನೆಯ ಉಪ್ಪಿನಕಾಯಿಗೆ ಅಜ್ಜಿ ಧಾರಾಳವಾಗಿ ಉಪ್ಪು, ಎಣ್ಣೆ ಹಾಕುವುದು ಇದನ್ನು ತಡೆಯಲಿಕ್ಕೇ. ಉಪ್ಪು, ಸಕ್ಕರೆಯಷ್ಟು ಹೆಚ್ಚು ಹಾಕಲಾಗದ ಕಡೆ ಚಿಟಿಕೆ ಬೆಂಜೋಯೇಟ್ ಆ ಕೆಲಸ ಮಾಡುತ್ತದೆ.

ಹೇಗೆ ಕೆಲಸ ಮಾಡುತ್ತದೆ?

ಹುಳಿ ಪದಾರ್ಥದಲ್ಲಿ ಬೆಂಜೋಯೇಟ್ ಬೆಂಜೋಯಿಕ್ ಆಮ್ಲವಾಗುತ್ತದೆ. ಈ ಆಮ್ಲ ಸೂಕ್ಷ್ಮಜೀವಿಯ ಪೊರೆಯನ್ನು ದಾಟಿ ಒಳಹೊಕ್ಕು, ಅದರ ಬೆಳವಣಿಗೆಯನ್ನು ತಡೆಯುತ್ತದೆ. ಹುಳಿಯಿಲ್ಲದ ಹಾಲಿನಲ್ಲಿ ಇದರ ಆಟ ಹೆಚ್ಚು ನಡೆಯದು. ಇನ್ನೊಂದು ಮಾತು: ಇದು ಕೆಡುವುದನ್ನು ತಡೆಯಬಲ್ಲದು, ಕೆಟ್ಟುಹೋದ ಹಣ್ಣನ್ನು ಒಳ್ಳೆಯದು ಮಾಡಲಾರದು.

ಶಾಂಪೂ, ಕ್ರೀಮುಗಳಲ್ಲಿಯೂ ನೀರಿರುತ್ತದೆ. ಕ್ರೀಮಿಗೆ ದಿನವೂ ಬೆರಳು ಅದ್ದುತ್ತೇವೆ. ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದರೆ ಚರ್ಮಕ್ಕೂ ಕಣ್ಣಿಗೂ ಸೋಂಕು ತಗಲಬಹುದು. ಹಾಗಾಗಿ ಅವುಗಳಲ್ಲೂ ಬೆಂಜೋಯೇಟ್ ಬಳಸುತ್ತಾರೆ.

ತಿಂದರೆ ಅಪಾಯವೇ?

ಬೆಂಜೋಯಿಕ್ ಆಮ್ಲ ನಿಸರ್ಗದಲ್ಲೂ ಇದೆ. ದಾಲ್ಚಿನ್ನಿ, ಲವಂಗಗಳಲ್ಲಿದೆ; ಧೂಪ ಹಾಕುವ ಲೋಬಾನದಲ್ಲಿಯೂ ಇದೆ. ನಾವು ತಿಂದದ್ದನ್ನು ಯಕೃತ್ತು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಅದು ಮೂತ್ರದಲ್ಲಿ ಹೊರಹೋಗುತ್ತದೆ.

ಆದರೆ ಎಷ್ಟು ತಿನ್ನುತ್ತೇವೆ ಎಂಬುದು ಮುಖ್ಯ. ವಿಶ್ವಸಂಸ್ಥೆಯ ತಜ್ಞರ ಸಮಿತಿ 2021ರಲ್ಲಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂವರೆಗೆ ಎಂದು ಮಿತಿ ಹೇಳಿತು. ಅದಕ್ಕೂ ಮೊದಲು ಈ ಮಿತಿ 5 ಮಿಲಿಗ್ರಾಂ ಇತ್ತು. ಯುರೋಪಿನ ತಜ್ಞರು 2016ರಲ್ಲಿ ಆ 5 ಮಿಲಿಗ್ರಾಂ ಅನ್ನೇ ಉಳಿಸಿಕೊಂಡರು. ನಿಮ್ಮ ತೂಕ 25 ಕಿಲೋ ಆದರೆ ಎರಡು ಲೆಕ್ಕದಲ್ಲೂ ಮಿತಿ ಎಷ್ಟೆಂದು ಗುಣಿಸಿ ನೋಡಿ. ಅಪ್ಪನಿಗಿಂತ ನಿಮ್ಮ ಮಿತಿ ಏಕೆ ಕಡಿಮೆ ಎಂಬುದು ಆಗ ತಿಳಿಯುತ್ತದೆ.

ಎಚ್ಚರಿಕೆಗಳು

• ಕೆಲವರಿಗೆ ಇದರಿಂದ ಮೈಮೇಲೆ ದದ್ದು, ತುರಿಕೆ ಬರಬಹುದು. ಅಂಥವರು ವೈದ್ಯರನ್ನು ಕೇಳಬೇಕು.
• ಬೆಂಜೋಯೇಟ್ ಮತ್ತು ಸಿ ಜೀವಸತ್ವ ಎರಡೂ ಇರುವ ಪಾನೀಯ ಬಿಸಿಲಿನಲ್ಲಿದ್ದರೆ, ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಉಂಟಾಗಬಹುದು. ಬೆಂಜೀನ್ ಕ್ಯಾನ್ಸರ್‌ಕಾರಕ. ಬಿಸಿಲಿಗೆ ಜೋಡಿಸಿಟ್ಟ ಬಾಟಲಿಗಳನ್ನು ಕೊಳ್ಳಬೇಡಿ.
• ಲೇಬಲ್ಲೇ ಇಲ್ಲದ ಬಣ್ಣದ ಪಾನೀಯದಲ್ಲಿ ಏನು, ಎಷ್ಟು ಹಾಕಿದ್ದಾರೆಂದು ತಿಳಿಯುವ ದಾರಿಯಿಲ್ಲ. ಅದು ಬೇಡ.

ಮಾಡಿ ನೋಡಿ

ಖಾಲಿ ಬಾಟಲಿ, ಪೊಟ್ಟಣಗಳ ಹತ್ತು ಲೇಬಲ್ಲುಗಳನ್ನು ಸಂಗ್ರಹಿಸಿ. ಯಾವುದರಲ್ಲಿ 211 ಇದೆ? ಆ ಪದಾರ್ಥ ಹುಳಿಯೇ? ಪಟ್ಟಿ ಮಾಡಿ ತರಗತಿಯಲ್ಲಿ ಚರ್ಚಿಸಿ. ಬಾಯಾರಿದಾಗ ನಿಂಬೆಹಣ್ಣು ಹಿಂಡಿ ಆಗಲೇ ಮಾಡಿ ಕುಡಿಯುವ ಪಾನಕಕ್ಕೆ ಸಂರಕ್ಷಕ ಏಕೆ ಬೇಡ ಎಂಬುದನ್ನೂ ಯೋಚಿಸಿ.