ಜೀವವಿಕಾಸದ ಓದು: ಪುಣೆಯಲ್ಲೇ ಇದೆ ದಾರಿ

ಹತ್ತನೇ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಇಂಜಿನಿಯರಿಂಗೋ, ಮೆಡಿಕಲ್ಲೋ? ಜೀವಶಾಸ್ತ್ರ ಇಷ್ಟವೆಂದರೆ ಡಾಕ್ಟರಾಗಲೇಬೇಕು. ಸೀಟು ಸಿಗದಿದ್ದರೆ ಆ ಇಷ್ಟಕ್ಕೇ ತಿಲಾಂಜಲಿ. ಯುವ ಮಿತ್ರರೇ, ಇವೆರಡರ ಆಚೆಗೂ ಒಂದು ದಾರಿಯಿದೆ.

ಜೀವಶಾಸ್ತ್ರವೆಂದರೆ ಬರೀ ಹೆಸರುಗಳ ಬಾಯಿಪಾಠವಲ್ಲ. ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ವಿವರಿಸಿದ ನೈಸರ್ಗಿಕ ಆಯ್ಕೆಯ ತತ್ವ ಅದರ ಬೆನ್ನೆಲುಬು. ರೋಗಾಣುಗಳು ಔಷಧಿಗೆ ಬಗ್ಗದಂತಾಗುವುದೇಕೆ, ಕೀಟನಾಶಕಗಳು ಕ್ರಮೇಣ ಸೋಲುವುದೇಕೆ ಎಂಬುದಕ್ಕೆ ಉತ್ತರ ಅಲ್ಲಿದೆ. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. ಆ ಪುಸ್ತಕ ಓದಿ, ಮುಂದೆ ಜೀವಶಾಸ್ತ್ರ ಬಿಟ್ಟವರಿಗೆ ಈ ಪಾಠ ತಪ್ಪಿಯೇ ಹೋಗುತ್ತದೆ.

ಈ ಶಾಸ್ತ್ರ ಪುಣೆಗೂ ಕರ್ನಾಟಕಕ್ಕೂ ಹಿಂದೆಯೇ ನಂಟು ಬೆಸೆದಿದೆ. 1942ರಲ್ಲಿ ಪುಣೆಯಲ್ಲಿ ಹುಟ್ಟಿದ ಮಾಧವ ಗಾಡ್ಗೀಳ್ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂದೆ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. ಜೀವಿಯೊಂದು ಯಾವ ವಯಸ್ಸಿನಲ್ಲಿ ಸಂತಾನಕ್ಕೆ ಎಷ್ಟು ಶಕ್ತಿ ವ್ಯಯಿಸಿದರೆ ಲಾಭ ಎಂಬುದನ್ನು ವಿಲಿಯಂ ಬಾಸರ್ಟ್ ಜೊತೆ 1970ರಲ್ಲಿ ಗಣಿತದ ಮೂಲಕ ವಿವರಿಸಿದರು. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಕರ್ನಾಟಕದ ಬಿದಿರನ್ನೂ ದೇವರಕಾಡುಗಳನ್ನೂ ಅಧ್ಯಯನ ಮಾಡಿದರು.

ಬೆಂಗಳೂರಿನಿಂದ ಪುಣೆಗೂ ವಿದ್ಯೆ ಹರಿದು ಬಂದಿದೆ. ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಅಮಿತಾಭ್ ಜೋಶಿಯವರ ಶಿಷ್ಯರಾಗಿದ್ದ ಸುತೀರ್ಥ ಡೇ, ಪಾಷಾಣ್‌ನ ಐಸರ್ ಸಂಸ್ಥೆಯಲ್ಲಿ ಹಣ್ಣಿನ ನೊಣಗಳ ಮೇಲೆ ಪ್ರಯೋಗ ನಡೆಸಿದರು. ಈ ನೊಣಕ್ಕೆ ಮೊಟ್ಟೆಯಿಂದ ಬೆಳೆದು ನಿಲ್ಲಲು ಸುಮಾರು 10 ದಿನ ಸಾಕು. ಪ್ರತಿ ಪೀಳಿಗೆಯಲ್ಲೂ ಬೇಗ ದೂರ ಸಾಗಿದವುಗಳನ್ನೇ ಆರಿಸಿ ಸಂತತಿ ಬೆಳೆಸಿದಾಗ, ಇನ್ನಷ್ಟು ದೂರ ಹೋಗುವ ನೊಣಗಳೇ ವಿಕಾಸಗೊಂಡವು. ಲಕ್ಷಾಂತರ ವರ್ಷ ಕಾಯದೆ, ವಿಕಾಸವನ್ನು ಪ್ರಯೋಗಾಲಯದಲ್ಲೇ ಕಾಣಬಹುದೆಂಬುದಕ್ಕೆ ಇದು ಸಾಕ್ಷಿ.

2006ರಲ್ಲಿ ಆರಂಭವಾದ ಐಸರ್‌ನಲ್ಲಿ 5 ವರ್ಷದ ಬಿಎಸ್-ಎಂಎಸ್ ಪದವಿಯಿದೆ. ಕೊನೆಯ ವರ್ಷ ಸಂಶೋಧನೆಗೇ ಮೀಸಲು. ಪ್ರವೇಶಕ್ಕೆ ಐಎಟಿ ಎಂಬ ಪರೀಕ್ಷೆ ಬರೆಯಬೇಕು. ಅದರಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕರ ಪ್ರಶ್ನೆಗಳೂ ಇರುತ್ತವೆ. ಆದ್ದರಿಂದ ಹನ್ನೊಂದನೇ ತರಗತಿಯಲ್ಲಿ ಜೀವಶಾಸ್ತ್ರದ ಜೊತೆ ಗಣಿತವನ್ನೂ ಉಳಿಸಿಕೊಳ್ಳಿ. ಇಂದಿನ ವಿಕಾಸಶಾಸ್ತ್ರಕ್ಕೆ ಗಣಿತವೇ ಭಾಷೆ. ಬಿಎಸ್ಸಿ ಮುಗಿಸಿದವರಿಗೆ ಇಂಟಿಗ್ರೇಟೆಡ್ ಪಿಎಚ್‌ಡಿಯೂ ಇದೆ.

ಹಾದಿ ದೀರ್ಘವಾದದ್ದು, ಗೆಳೆಯರು ಸಂಬಳ ಎಣಿಸುವಾಗ ನೀವಿನ್ನೂ ನೊಣ ಎಣಿಸುತ್ತಿರಬಹುದು. ಇದನ್ನು ತಂದೆತಾಯಿಗೆ ಮೊದಲೇ ಹೇಳಿಬಿಡಿ. ಆದರೆ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದು ನಿಮ್ಮನ್ನು ಕಾಡುತ್ತಿದ್ದರೆ, ಅದನ್ನು ಬಿಡಬೇಡಿ.